ಕಿರುಚಾಟ ಎಂದು ಬರೆದು ಕೈತೊಳೆದುಕೊಳ್ಳಬೇಡಿ

ಬೆಂಗಳೂರಿನ ಕ್ರಿಪ್ಟೋಸ್ ತಂಡದ ಆಲ್ಬಂ ಹೇಗಿದೆ ಎಂದು ತಿಳಿಯಬೇಕಾದರೆ ಜರ್ಮನಿಯವರು ಬರೆದದ್ದು ಸಿಗುತ್ತದೆ. ಅಮೆರಿಕದವರು ಬರೆದದ್ದೂ ಸಿಗುತ್ತದೆ. ಮುಂಬೈ, ದಿಲ್ಲಿಯ ಇಂಗ್ಲಿಷ್ ಪತ್ರಿಕೆಗಳೂ ಬರೆದಿವೆ. ಕನ್ನಡದಲ್ಲಿ ಏನಿದೆ ಎಂದು ನಾವು ಒಂದು ವಾರ ಹುಡುಕಿದೆವು. ಸುದ್ದಿ ಸಿಕ್ಕಿತು, ವಿಮರ್ಶೆ ಸಿಗಲಿಲ್ಲ. 'ಬೆಂಗಳೂರು ಹುಡುಗರು ವಿದೇಶದಲ್ಲಿ ಮಿಂಚಿದರು' ಎಂಬ ಧಾಟಿಯ ನಾಲ್ಕು ಸಾಲು. ಹಾಡು ಹೇಗಿತ್ತು? ಅದನ್ನು ಯಾರೂ ಕೇಳಿದಂತೆ ಕಾಣಲಿಲ್ಲ.

ಹಳ್ಳಿಯವರಿಗೆ ಈ ವಿಷಯ ಯಾಕೆ ಎಂದು ನೀವು ಕೇಳಬಹುದು. ನಮ್ಮ ಓದುಗರೊಬ್ಬರು ಧ್ವನಿ ಸಂದೇಶ ಕಳಿಸಿದ್ದರು. ಅವರ ಮಗ ಪಿಯುಸಿ ಹುಡುಗ. ದಿನವೂ ಇಯರ್‌ಫೋನ್ ಹಾಕಿಕೊಂಡು ಡೆತ್‌ಕೋರ್ ಎಂಬ ಸಂಗೀತ ಕೇಳುತ್ತಾನಂತೆ. ಒಂದು ದಿನ ವೈರು ಕಿತ್ತುಬಂದು ಮನೆಗೆಲ್ಲ ಕೇಳಿಸಿದೆ. ಅಜ್ಜಿ ದೃಷ್ಟಿ ತೆಗೆದಿದ್ದಾರೆ. ಅಪ್ಪನ ಪ್ರಶ್ನೆ ಮಾತ್ರ ನೇರವಾಗಿತ್ತು: ಇದು ಸಂಗೀತವೋ, ಜಗಳವೋ? ಯಾರಾದರೂ ಕನ್ನಡದಲ್ಲಿ ತಿಳಿಸಿ ಬರೆದಿದ್ದಾರಾ?

ಆ ಪ್ರಶ್ನೆಯ ಹಿಂದೆ ಬಿದ್ದು ಬರೆದದ್ದು ಇದು.

ಮೊದಲು ಡೆತ್‌ಕೋರ್ ಎಂದರೇನು ಎಂದು ಹೇಳಿಬಿಡೋಣ. ಗಿಟಾರನ್ನು ಬಹಳ ಕೆಳಗಿನ ಶ್ರುತಿಗೆ ಇಳಿಸಿ ನುಡಿಸುವ, ಗಂಟಲಿನಿಂದ ಗುಡುಗುವ ಸಂಗೀತಕ್ಕೆ ಡೆತ್ ಮೆಟಲ್ ಎಂದು ಹೆಸರು. ಅದರ ಜೊತೆಗೆ ಹಾರ್ಡ್‌ಕೋರ್ ಎಂಬ ಇನ್ನೊಂದು ಬಗೆಯಿಂದ ಬಂದ 'ಬ್ರೇಕ್‌ಡೌನ್' ಸೇರಿಸಿದರೆ ಡೆತ್‌ಕೋರ್. ಬ್ರೇಕ್‌ಡೌನ್ ಅಂದರೆ ಓಡುತ್ತಿದ್ದ ಲಯ ಇದ್ದಕ್ಕಿದ್ದಂತೆ ಅರ್ಧಕ್ಕಿಳಿದು, ಒಂದೊಂದು ಪೆಟ್ಟೂ ಕೊಡಲಿ ಏಟಿನಂತೆ ಬೀಳುವ ಜಾಗ. ಟೆಕ್ನಿಕಲ್ ಡೆತ್‌ಕೋರ್ ಎಂದರೆ ಇದನ್ನೇ ಬೆರಳು ಮುರಿದುಹೋಗುವಷ್ಟು ವೇಗದಲ್ಲಿ, ಲೆಕ್ಕ ಬಿಗಿ ಮಾಡಿ ನುಡಿಸುವುದು. ಕಳೆದ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅಮೆರಿಕ, ಕೆನಡಾ ಕಡೆ ಬೆಳೆದದ್ದು. ನಮ್ಮಲ್ಲಿ ಮುಂಬೈನ ಭಯಾನಕ್ ಮೌತ್ ತಂಡ ಈ ದಾರಿ ಹಿಡಿದ ದೊಡ್ಡ ಹೆಸರು. ಬೆಂಗಳೂರಿನ ಮೆಟಲ್ ಸ್ವಲ್ಪ ಬೇರೆ. ಕ್ರಿಪ್ಟೋಸ್ ಡೆತ್‌ಕೋರ್ ಅಲ್ಲವೇ ಅಲ್ಲ, ಹಳೆಯ ಶೈಲಿಯ ಹೆವಿ ಮೆಟಲ್. ಎಕ್ಸೆಂಟ್ರಿಕ್ ಪೆಂಡ್ಯುಲಂ ಎಂಬ ಇನ್ನೊಂದು ಬೆಂಗಳೂರು ತಂಡ ಈ ಲೆಕ್ಕದ ಕಡೆಗೆ ಹತ್ತಿರ. ಹೊರಗಿನವರ ಕಿವಿಗೆ ಎಲ್ಲವೂ ಒಂದೇ ಸದ್ದು, ಒಳಗಿನವರಿಗೆ ಭೂಮಿ ಆಕಾಶದ ಅಂತರ. ಮೂಡಲಪಾಯ, ಪಡುವಲಪಾಯದ ವ್ಯತ್ಯಾಸ ಬಾರದವರಿಗೆ ಎಲ್ಲವೂ 'ಬಯಲಾಟ' ಆದ ಹಾಗೆ.

ಈಗ ಗಾಂಧಿ ಬಜಾರಿಗೆ ಬರೋಣ. ಯಾಕೆ ಗಾಂಧಿ ಬಜಾರು ಎಂದರೆ, ಕನ್ನಡದಲ್ಲಿ ಸಂಗೀತದ ಬಗ್ಗೆ ತೀರ್ಪು ಕೊಡುವ ಕೆಲಸ ಎಲ್ಲಿಯಾದರೂ ಬೇರು ಬಿಟ್ಟಿದ್ದರೆ ಅದು ಈ ಬೀದಿಯ ಸುತ್ತಮುತ್ತ. ಕೆ.ಆರ್. ರಸ್ತೆಯ ಗಾಯನ ಸಮಾಜ ಶುರುವಾದದ್ದು 1905ರಲ್ಲಿ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು 1939ರಿಂದ ನಡೆಯುತ್ತಿವೆ. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ಕೂತು ಕೇಳಿ, ಮರುದಿನ ವಿದ್ಯಾರ್ಥಿ ಭವನದಲ್ಲಿ ದೋಸೆ ತಿನ್ನುತ್ತ 'ನಿನ್ನೆ ತೋಡಿ ಅಷ್ಟು ಚೆನ್ನಾಗಿರಲಿಲ್ಲ ಬಿಡಿ' ಎನ್ನುವುದು ಇಲ್ಲಿಯವರ ಹಕ್ಕು. ಆ ಹೋಟೆಲಿಗೂ 1943ರಿಂದ ವಯಸ್ಸಾಗಿದೆ, ಆ ಮಾತಿಗೂ ಅಷ್ಟೇ ವಯಸ್ಸು.

ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನದ ಹೆಸರೇ 'ಮನಸು ಗಾಂಧಿ ಬಜಾರು', 1960ರದು. ಅವರದೇ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅದು. ಆಗ ಎಲ್ಲರೂ ಹೂವು ಎರಚಲಿಲ್ಲ. ಕವಿತೆಯನ್ನು ಓದಬೇಕು, ಹಾಡಿದರೆ ಅರ್ಥ ತಾಳದಲ್ಲಿ ಮುಳುಗುತ್ತದೆ ಎಂದವರಿದ್ದರು. ಶಾಸ್ತ್ರೀಯದವರಿಗೆ ಅದು ಸುಲಭದ ಸಂಗೀತ, ಸಾಹಿತ್ಯದವರಿಗೆ ಅಗ್ಗದ ಸಾಹಿತ್ಯ. ಆದರೂ ಜಗಳವಾಡಿದರಲ್ಲ, ಅದು ಮುಖ್ಯ. ಬೈಯುವುದಕ್ಕಾದರೂ ಕೂತು ಕೇಳಿದರು. ಬೈದ ಮಾತಿನಿಂದಲೇ ಭಾವಗೀತೆಯನ್ನು ಅಳೆಯುವ ಭಾಷೆ ಹುಟ್ಟಿತು: ಪದ ಸ್ಪಷ್ಟವಾಗಿದೆಯೇ, ರಾಗ ಕವಿತೆಯ ಭಾವಕ್ಕೆ ಒಪ್ಪುತ್ತದೆಯೇ, ಮಧ್ಯದ ಕೊಳಲು ಹೆಚ್ಚಾಯಿತೇ.

ಹೋದ ತಿಂಗಳು ನಮ್ಮ ಬಳಗದ ಮೂವರು ಗಾಂಧಿ ಬಜಾರಿನ ಪುಸ್ತಕದ ಅಂಗಡಿಗಳಲ್ಲಿ ಸಂಗೀತದ ಕಪಾಟು ಜಾಲಾಡಿದೆವು. ವಿದ್ವಾಂಸರ ಜೀವನಚರಿತ್ರೆ ಇದೆ, ಹಿಂದೂಸ್ತಾನಿ ಘರಾಣೆಗಳ ಮೇಲಿದೆ, ಸಿನಿಮಾ ಹಾಡಿನ ನೆನಪುಗಳ ಪುಸ್ತಕ ರಾಶಿ ಇದೆ. ಜನಪದ ಗೀತೆ ಸಂಗ್ರಹಗಳಿವೆ. 1980ರ ದಶಕದ ಕೊನೆಯಿಂದಲೇ ಈ ಊರಿನಲ್ಲಿ ಮಿಲೆನಿಯಂನಂಥ ತಂಡಗಳು ಮೆಟಲ್ ನುಡಿಸಿವೆ. ಐರನ್ ಮೇಡನ್ 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ನುಡಿಸಿತು, ಮೆಟಾಲಿಕಾ 2011ರ ಅಕ್ಟೋಬರ್ 30ರಂದು. ಈ ಎರಡನೆಯದಕ್ಕೆ ಎರಡು ದಿನ ಮೊದಲು ದಿಲ್ಲಿ ಪಕ್ಕದ ಗುರುಗ್ರಾಮದ ಕಾರ್ಯಕ್ರಮ ಗದ್ದಲದಲ್ಲಿ ನಿಂತೇಹೋಗಿತ್ತು, ಬೆಂಗಳೂರಿನದು ಸುಸೂತ್ರವಾಗಿ ನಡೆಯಿತು. ಇಷ್ಟೆಲ್ಲ ಆಗಿದ್ದರೂ ಕಪಾಟಿನಲ್ಲಿ ಒಂದು ತೆಳ್ಳನೆಯ ಪುಸ್ತಕವೂ ಇಲ್ಲ. ಅಂಗಡಿಯವರು ಒಳ್ಳೆಯವರು, 'ಇಂಗ್ಲಿಷ್‌ನಲ್ಲಿ ನೋಡಿ ಸಾರ್' ಎಂದರು.

ಅದೇ ನಮ್ಮ ತಕರಾರು. ಇಂಗ್ಲಿಷಿನಲ್ಲಿ ಇರುವ ವಿಮರ್ಶೆ ನೋಡಿದ್ದೇವೆ. ಅದರಲ್ಲಿ ಅರ್ಧಕ್ಕರ್ಧ ವೇಗದ ವಿಚಾರಣೆ.

ಕ್ಯಾಲಿಫೋರ್ನಿಯಾದ ರಿಂಗ್ಸ್ ಆಫ್ ಸ್ಯಾಟರ್ನ್ ಎಂಬ ತಂಡದ ಕತೆ ಕೇಳಿ. 2009ರಲ್ಲಿ ಹೈಸ್ಕೂಲು ಹುಡುಗರು ಕಟ್ಟಿದ ತಂಡ. ಮೊದಲ ಆಲ್ಬಂ 2010ರಲ್ಲಿ, 'ಡಿಂಗಿರ್' 2013ರಲ್ಲಿ, 'ಲುಗಲ್ ಕಿ ಎನ್' 2014ರಲ್ಲಿ. ಹೆಸರುಗಳು ಸುಮೇರಿಯನ್ ಭಾಷೆಯವು, ಡಿಂಗಿರ್ ಎಂದರೆ ದೇವರು. ಹಾಡೆಲ್ಲ ಬೇರೆ ಗ್ರಹದಿಂದ ಬಂದವರು ಮನುಷ್ಯರನ್ನು ಮುಗಿಸುವ ಕತೆ. ಗಿಟಾರು ಎಷ್ಟು ವೇಗವೆಂದರೆ ಹಳೆಯ ವಿಡಿಯೊ ಗೇಮಿನ ಸದ್ದಿನಂತೆ ಕೇಳುತ್ತದೆ. ಕೇಳಿದವರು ಎರಡು ಬಣವಾದರು. ಒಬ್ಬರು ಇದು ಅಸಾಧಾರಣ ಕೈಚಳಕ ಎಂದರು. ಇನ್ನೊಬ್ಬರು ಸ್ಟುಡಿಯೊದಲ್ಲಿ ನಿಧಾನಕ್ಕೆ ನುಡಿಸಿ ಆಮೇಲೆ ವೇಗ ದುಪ್ಪಟ್ಟು ಮಾಡಿದ್ದಾರೆ ಎಂದು ಆರೋಪಿಸಿದರು. ನಾವು ಫೋನಿನಲ್ಲಿ ವಿಡಿಯೊವನ್ನು ಎರಡು ಪಟ್ಟು ಓಡಿಸುತ್ತೇವಲ್ಲ, ಹಾಗೆ. ತಂಡದ ಗಿಟಾರ್‌ವಾದಕ ಅಲ್ಲಗಳೆದರು. ವರ್ಷಗಟ್ಟಲೆ ಇದೇ ವ್ಯಾಜ್ಯ ನಡೆಯಿತು. ಆಲ್ಬಮ್ಮಿನ ಬಗ್ಗೆ ಬರೆದವರಲ್ಲಿ ಬಹಳ ಮಂದಿ ಪೊಲೀಸರಾದರು, ಕೆಲವರು ವಕೀಲರಾದರು. ಕೇಳುಗರಾಗಿ ಉಳಿದವರು ಕಡಿಮೆ.

ಇಲ್ಲಿ ಗಾಂಧಿ ಬಜಾರಿನ ಹಿರಿಯ ಕೇಳುಗರೊಬ್ಬರನ್ನು ಕೂರಿಸಿದ್ದರೆ ಏನಾಗುತ್ತಿತ್ತು? ನಮ್ಮ ಊಹೆ ಹೇಳುತ್ತೇವೆ. ಕರ್ನಾಟಕ ಸಂಗೀತದಲ್ಲಿ ಪಲ್ಲವಿಯನ್ನು ತ್ರಿಕಾಲದಲ್ಲಿ ಹಾಡುವ ಕ್ರಮ ಇದೆ. ಒಂದೇ ಸಾಲು, ಮೊದಲು ನಿಧಾನ, ಆಮೇಲೆ ಅದರ ದುಪ್ಪಟ್ಟು, ಆಮೇಲೆ ಅದರ ದುಪ್ಪಟ್ಟು, ತಾಳ ಮಾತ್ರ ಕದಲುವುದಿಲ್ಲ. ಅಲ್ಲಿ ಕೇಳುಗರು ತಲೆದೂಗುವುದು ಮೂರನೆಯ ಕಾಲದ ವೇಗಕ್ಕಲ್ಲ, ಮೊದಲನೆಯ ಕಾಲದ ಆಕಾರ ಮೂರನೆಯದರಲ್ಲೂ ಉಳಿಯಿತಲ್ಲ ಎಂಬುದಕ್ಕೆ. ವೇಗ ಎಂಬುದು ನಿಧಾನದ ಪಕ್ಕದಲ್ಲಿಟ್ಟಾಗ ಮಾತ್ರ ಕಾಣುವ ವಸ್ತು. ಇದೇ ಅಳತೆಗೋಲನ್ನು 'ಡಿಂಗಿರ್'ಗೆ ಹಿಡಿದರೆ ಮೋಸ ಮಾಡಿದರೋ ಇಲ್ಲವೋ ಎಂಬ ಪ್ರಶ್ನೆ ಪಕ್ಕಕ್ಕೆ ಸರಿದು ಬೇರೆ ಪ್ರಶ್ನೆ ಬರುತ್ತದೆ: ಹಾಡಿನ ಉದ್ದಕ್ಕೂ ಓಡುತ್ತಲೇ ಇದ್ದರೆ ಓಟ ಗೊತ್ತಾಗುವುದು ಹೇಗೆ? ನಮಗೆ ಆ ಆಲ್ಬಮ್ಮಿನ ದೋಷ ಅನ್ನಿಸಿದ್ದು ಅದೇ. ಗಿಟಾರಿನ ಓಟಕ್ಕೂ ಬ್ರೇಕ್‌ಡೌನಿನ ಭಾರಕ್ಕೂ ನಡುವೆ ಸೇತುವೆ ಇಲ್ಲ. ಎರಡನ್ನೂ ಅಂಟು ಹಾಕಿ ನಿಲ್ಲಿಸಿದಂತಿದೆ. ಸ್ಟುಡಿಯೊದಲ್ಲಿ ಏನೇ ಮಾಡಿರಲಿ, ಈ ದೋಷ ಹಾಗೇ ಇರುತ್ತದೆ.

ನೋಡಿ, ಇಷ್ಟು ಹೇಳಲು ನಮಗೆ ಒಂದು ಇಂಗ್ಲಿಷ್ ಪದವೂ ಬೇಕಾಗಲಿಲ್ಲ. ಕಾಲಪ್ರಮಾಣ ಎಂಬ ಮಾತು ನಮ್ಮಲ್ಲಿ ಮೊದಲೇ ಇತ್ತು.

ಇನ್ನು ಗಂಟಲಿನ ವಿಷಯ. ಅಜ್ಜಿ ದೃಷ್ಟಿ ತೆಗೆದದ್ದು ಅದಕ್ಕೇ ತಾನೆ. ಲೋರ್ನಾ ಶೋರ್ ಎಂಬ ಅಮೆರಿಕದ ಡೆತ್‌ಕೋರ್ ತಂಡದ ಗಾಯಕ ವಿಲ್ ರಾಮೋಸ್. 2021ರಲ್ಲಿ ಬಂದ 'ಟು ದ ಹೆಲ್‌ಫೈರ್' ಹಾಡಿನ ಕೊನೆಯಲ್ಲಿ ಅವರು ಹೊರಡಿಸುವ ಸದ್ದು ಕೇಳಿದರೆ ಮನುಷ್ಯನದು ಎಂದು ನಂಬುವುದು ಕಷ್ಟ. ಕೆಲವರು ಕಂಪ್ಯೂಟರಿನದು ಎಂದೇ ಹೇಳಿದರು. ಮರುವರ್ಷ ಅಮೆರಿಕದ ತಜ್ಞರು ಅವರ ಗಂಟಲಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಮಾತಾಡುವಾಗ ನಾವು ಬಳಸುವ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಸಾಮಾನ್ಯವಾಗಿ ಅವು ಸುಮ್ಮನಿರುತ್ತವೆ. ಈ ಗಾಯಕರು ಅವನ್ನೂ, ಸುತ್ತಲಿನ ಸ್ನಾಯುಗಳನ್ನೂ ಅಭ್ಯಾಸದಿಂದ ಕಂಪಿಸುವ ಹಾಗೆ ಮಾಡಿಕೊಂಡಿರುತ್ತಾರೆ. ಬರೀ ಕಿರುಚಿದರೆ ಎರಡು ದಿನದಲ್ಲಿ ಗಂಟಲು ಕಟ್ಟುತ್ತದೆ. ಇವರು ತಿಂಗಳುಗಟ್ಟಲೆ ಊರೂರು ತಿರುಗಿ ಹಾಡುತ್ತಾರೆ. ಸಾಧಕ ಇಲ್ಲದೆ ಅದು ಆಗುವ ಕೆಲಸವಲ್ಲ.

ನಮಗೆ ಇದು ಹೊಸದೂ ಅಲ್ಲ. ಬಡಗುತಿಟ್ಟು, ತೆಂಕುತಿಟ್ಟು ಯಾವುದೇ ಇರಲಿ, ಬಣ್ಣದ ವೇಷ ತೆರೆ ಸರಿಸುವ ಮೊದಲು ಒಳಗಿಂದ ಬರುವ ಅಟ್ಟಹಾಸ ಕೇಳಿ ಅಮ್ಮನ ಸೆರಗಿನಲ್ಲಿ ಅವಿತವರು ನಮ್ಮಲ್ಲೇ ಇದ್ದಾರೆ. ವೀರಗಾಸೆಯ ಪುರವಂತರು ದಕ್ಷಯಜ್ಞದ ಒಡಪು ಹೇಳುವಾಗ ಮೆಲುದನಿಯಲ್ಲಿ ಹೇಳುತ್ತಾರೆಯೇ? ವೀರಭದ್ರ ಬಂದಿದ್ದಾನೆ ಎಂದು ನಂಬಿಸಬೇಕಾದರೆ ಗಂಟಲು ಹಾಗೇ ಇರಬೇಕು. ನಮ್ಮ ಹಿರಿಯರು ರಸ ಒಂಬತ್ತು ಎಂದು ಎಣಿಸಿದಾಗ ಶೃಂಗಾರ, ಶಾಂತಕ್ಕೆ ಮಾತ್ರ ಜಾಗ ಕೊಡಲಿಲ್ಲ. ರೌದ್ರ, ಭಯಾನಕ, ಬೀಭತ್ಸಕ್ಕೂ ಒಂದೊಂದು ಮಣೆ ಹಾಕಿದ್ದಾರೆ. ಬಸವನಗುಡಿಯ ಸಭಾಂಗಣಗಳಲ್ಲಿ ಗಮಕಿಗಳು ಕುಮಾರವ್ಯಾಸನ ದುಶ್ಶಾಸನ ವಧೆ ಓದುತ್ತಾರೆ. ಭೀಮ ಎದೆ ಬಗೆದು ರಕ್ತ ಕುಡಿಯುವ ಜಾಗ. ಶಾಲು ಹೊದ್ದ ಹಿರಿಯರು ಕಣ್ಣು ಮುಚ್ಚಿ ಕೇಳಿ, ಮುಗಿದ ಮೇಲೆ ಕೋಸಂಬರಿ ತಿಂದು ಮನೆಗೆ ಹೋಗುತ್ತಾರೆ. ಅವರ ಮನಸ್ಸು ಕೆಟ್ಟಿತೆಂದು ಯಾರೂ ದೃಷ್ಟಿ ತೆಗೆಯುವುದಿಲ್ಲ.

ಹಾಗೆಂದು ಡೆತ್‌ಕೋರಿಗೆ ಪೂರ್ತಿ ಮಾಫಿ ಕೊಡಲು ನಾವು ತಯಾರಿಲ್ಲ. ಈ ಪ್ರಕಾರದ ಮೊದಲ ದಿನಗಳ ಎಷ್ಟೋ ಹಾಡುಗಳಲ್ಲಿ ಹೆಣ್ಣನ್ನು ಕೊಚ್ಚುವುದೇ ವಿಷಯ. ಅದನ್ನು ವಿಮರ್ಶಕರು ಬೈದದ್ದು ಸರಿ, ಇನ್ನೂ ಜೋರಾಗಿ ಬೈಯಬೇಕಿತ್ತು. ಕುಮಾರವ್ಯಾಸನಲ್ಲಿ ಆ ರಕ್ತದ ಹಿಂದೆ ದ್ರೌಪದಿಯ ಬಿಚ್ಚಿದ ಮುಡಿ ಇದೆ, ತುಂಬಿದ ಸಭೆಯ ಮೌನ ಇದೆ. ಹದಿಮೂರು ವರ್ಷ ಕಾದ ಸಿಟ್ಟು ಅದು. ಈ ಹಾಡುಗಳಲ್ಲಿ ಹಿಂದೆ ಏನೂ ಇಲ್ಲ, ಮುಂದೆಯೂ ಏನೂ ಇಲ್ಲ. ಲೋರ್ನಾ ಶೋರ್ ತಂಡದ 2022ರ 'ಪೇನ್ ರಿಮೇನ್ಸ್' ಆಲ್ಬಂ ಅಷ್ಟು ಮೆಚ್ಚುಗೆ ಪಡೆದದ್ದು ಇದೇ ಕಾರಣಕ್ಕೆ ಎಂದು ನಮ್ಮ ಅಂದಾಜು. ಕೊನೆಯ ಮೂರು ಹಾಡು ಸೇರಿ ಇಪ್ಪತ್ತು ನಿಮಿಷದ ಒಂದೇ ಶೋಕ. ಒಬ್ಬರನ್ನು ಕಳಕೊಂಡವನ ಗೋಳು. ಹಿಂದೆ ಈ ಸಂಗೀತವನ್ನು ಎಳೆಯ ಹುಡುಗರ ಹುಚ್ಚಾಟ ಎಂದು ತಳ್ಳಿಹಾಕಿದ್ದ ಮೆಟಲ್ ವಿಮರ್ಶಕರೇ ಅದನ್ನು ಕೂತು ಕೇಳಿದರು. ನಮಗೆ ಆ ಆಲ್ಬಮ್ಮಿನ ಆರ್ಕೆಸ್ಟ್ರಾ ಸ್ವಲ್ಪ ಜಾಸ್ತಿಯಾಯಿತು, ಮದುವೆ ಮನೆ ಸಾರಿಗೆ ತುಪ್ಪ ಸುರಿದ ಹಾಗೆ. ಆದರೂ ಆ ಕೊನೆಯ ಇಪ್ಪತ್ತು ನಿಮಿಷ ನಿಜ.

ಇನ್ನೊಂದು ಮಾತು ಪದೇ ಪದೇ ಕೇಳಿದ್ದೇವೆ: ಹಾಡು ಇಂಗ್ಲಿಷಿನದು, ಕನ್ನಡದಲ್ಲಿ ಅದಕ್ಕೆ ವಿಮರ್ಶೆ ಯಾಕೆ? ರಾಮನವಮಿ ಕಛೇರಿಗೆ ಹೋಗಿ ಬನ್ನಿ. ತ್ಯಾಗರಾಜರು ತೆಲುಗು, ದೀಕ್ಷಿತರು ಸಂಸ್ಕೃತ. ದಾಸರ ಪದಗಳಿಗೆ ಬಹಳ ಸಲ ಸಿಗುವುದು ಕೊನೆಯ ಅರ್ಧ ಗಂಟೆ. ಆದರೂ ಕನ್ನಡ ಪತ್ರಿಕೆಗಳು ಕನ್ನಡದಲ್ಲೇ ಬರೆಯುತ್ತ ಬಂದಿವೆ, ಬರೆಯಲೇಬೇಕು. ಹಾಡಿನ ಭಾಷೆ ಒಂದು, ಕೇಳುವವರ ಭಾಷೆ ಇನ್ನೊಂದು. ಅಲ್ಲದೆ ಈ ಗುಡುಗಿನಲ್ಲಿ ಇಂಗ್ಲಿಷ್ ಬಲ್ಲವರಿಗೂ ಪದ ತಿಳಿಯುವುದಿಲ್ಲ, ಆ ಮಟ್ಟಿಗೆ ನಾವೂ ಲಂಡನ್ನಿನವರೂ ಸಮಾನರು.

ಕ್ರಿಪ್ಟೋಸ್ ವಿಷಯಕ್ಕೆ ಮರಳಿ ಬರುತ್ತೇವೆ, ಅಲ್ಲಿ ಅನ್ಯಾಯ ಎದ್ದು ಕಾಣುವುದರಿಂದ. 1998ರಲ್ಲಿ ಶುರುವಾದ ತಂಡ. 'ಸ್ಪೈರಲ್ ಅಸೆಂಟ್' 2004, 'ದಿ ಆರ್ಕ್ ಆಫ್ ಜೆಮಿನಿ' 2008, 'ದಿ ಕಾಯ್ಲ್ಸ್ ಆಫ್ ಅಪೋಲಿಯನ್' 2012. ಅಲ್ಲಿಂದ ಮುಂದೆ ಜರ್ಮನಿಯ ಎಎಫ್ಎಂ ಕಂಪನಿಯ ಮೂಲಕ 2016, 2019, 2021, 2024ರಲ್ಲಿ ಒಂದೊಂದು ಆಲ್ಬಂ. ಇಪ್ಪತ್ತೈದು ವರ್ಷ ಮೀರಿದ ದುಡಿಮೆ. 2013ರಲ್ಲಿ ಅವರು ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿದರು. ಅದಕ್ಕೆ ಎರಡು ವರ್ಷ ಮೊದಲು ಎಕ್ಸೆಂಟ್ರಿಕ್ ಪೆಂಡ್ಯುಲಂ ಇಲ್ಲಿ ಸ್ಪರ್ಧೆ ಗೆದ್ದು ಅಲ್ಲಿಗೆ ಹೋಗಿತ್ತು. ಸುದ್ದಿಯಾದದ್ದು ಇಷ್ಟು: ಹೋದರು, ನುಡಿಸಿದರು, ಬಂದರು.

ವಾಕೆನ್ ಬಗ್ಗೆ ನಿಮಗೆ ಹೇಳಲೇಬೇಕು. ಅದು ನಗರವಲ್ಲ, ಒಂದು ಹಳ್ಳಿ. ಜರ್ಮನಿಯ ಉತ್ತರಕ್ಕೆ, ಸುಮಾರು ಎರಡು ಸಾವಿರ ಜನರ ಊರು, ಸುತ್ತ ಹೊಲ, ಹಸು. 1990ರಲ್ಲಿ ಊರಿನ ಹುಡುಗರು ಶುರು ಮಾಡಿದ ಉತ್ಸವಕ್ಕೆ ಈಗ ಪ್ರತಿ ಬೇಸಿಗೆಯಲ್ಲಿ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. ಆ ಊರಿನ ಅಗ್ನಿಶಾಮಕ ದಳದವರ ಬ್ಯಾಂಡ್‌ಸೆಟ್ ಅಲ್ಲಿ ಮೊದಲಿಗೆ ಬಾರಿಸುವುದು ವಾಡಿಕೆ. ನಮ್ಮ ಜಾತ್ರೆಗಳಲ್ಲಿ ತೇರು ಎಳೆಯುವ ಮೊದಲು ಊರ ವಾದ್ಯದವರು ಬಾರಿಸುವ ಹಾಗೆ. ಮಳೆ ಬಂದರೆ ಮೈದಾನವೆಲ್ಲ ಕೆಸರು ಗದ್ದೆ. ಅಲ್ಲಿಯ ಅಜ್ಜಿಯರು ದೃಷ್ಟಿ ತೆಗೆಯುತ್ತಾರೋ ಇಲ್ಲವೋ, ಹೊಲ ಮಾತ್ರ ಬಿಟ್ಟುಕೊಡುತ್ತಾರೆ.

ಸರಿ, ಆಲ್ಬಮ್ಮುಗಳು ಹೇಗಿವೆ? ಹೊರಗಿನ ವಿಮರ್ಶಕರು ಎರಡು ಮಾತಿನ ಸುತ್ತ ತಿರುಗುತ್ತಾರೆ. ಒಂದು, ಇದು ಜೂಡಸ್ ಪ್ರೀಸ್ಟ್, ಆಕ್ಸೆಪ್ಟ್ ತಂಡಗಳ 1980ರ ದಶಕದ ಧಾಟಿ, ಹೊಸತಿಲ್ಲ. ಎರಡು, ಗಿಟಾರಿನ ಜೋಡಿ ಇಷ್ಟು ಇಂಪಾಗಿರುವಾಗ ನೋಲನ್ ಲೂಯಿಸ್ ಅವರ ಒರಟು ಗಂಟಲು ಯಾಕೆ, ಸ್ವಚ್ಛವಾಗಿ ಹಾಡಬಾರದೇ. ಎರಡನೆಯದನ್ನು ನಾವು ಒಪ್ಪುವುದಿಲ್ಲ. ಆ ಒರಟೇ ಹಾಡಿಗೆ ಉಪ್ಪು. ಅದು ಇಲ್ಲದಿದ್ದರೆ ನಿಜಕ್ಕೂ ಹಳೆಯ ಇಂಗ್ಲಿಷ್ ತಂಡಗಳ ನಕಲು ಆಗುತ್ತಿತ್ತು. ಮೊದಲ ಮಾತಿಗೆ ಅರ್ಧ ತಲೆ ಆಡಿಸುತ್ತೇವೆ. ಮೊದಲ ಮೂರು ಆಲ್ಬಮ್ಮಿನ ಹಾಡುಗಳು ಉದ್ದ, ತಿರುವು ಜಾಸ್ತಿ, ದಾರಿ ತಪ್ಪುವ ಧೈರ್ಯವೂ ಇತ್ತು. 2016ರ 'ಬರ್ನ್ ಅಪ್ ದ ನೈಟ್'ನಿಂದ ಹಾಡು ಚಿಕ್ಕದಾಯಿತು, ನೇರವಾಯಿತು, ಒಂದು ಸಲ ಕೇಳಿದರೆ ನಾಲಿಗೆಗೆ ಹತ್ತುವಂತಾಯಿತು. ಹೊರದೇಶದ ಕೇಳುಗರು ಹೆಚ್ಚಿದ್ದೂ ಆಮೇಲೆಯೇ. ನಮ್ಮಲ್ಲಿ ಇಬ್ಬರಿಗೆ ಹೊಸದು ಇಷ್ಟ, ಒಬ್ಬನಿಗೆ 2008ರ ಆಲ್ಬಮ್ಮೇ ಮೇಲು, ಅವನು ಈ ಲೇಖನದ ಈ ಪ್ಯಾರಾ ಮೂರು ಸಲ ತಿದ್ದಿದ್ದಾನೆ.

ಕನ್ನಡದ ಪತ್ರಿಕೆಗಳಿಗೆ ದುಡ್ಡಿಲ್ಲ, ಜಾಗ ಇಲ್ಲ, ಗೊತ್ತು. ಕಛೇರಿ ವಿಮರ್ಶೆಗೇ ಈಗ ಜಾಗ ಸಿಗುತ್ತಿಲ್ಲ. ಸಿಕ್ಕಿದಾಗಲೂ 'ಕಲಾವಿದರು ಶ್ರೋತೃಗಳ ಮನಸೂರೆಗೊಂಡರು, ಪಕ್ಕವಾದ್ಯದವರು ಉತ್ತಮ ಸಾಥ್ ನೀಡಿದರು' ಎಂದು ಮುಗಿಯುತ್ತದೆ. ಯಾವ ಕಛೇರಿಗೆ ಬೇಕಾದರೂ ಅಂಟಿಸಬಹುದಾದ ಸಾಲು. ಹೀಗೆ ಹೊಗಳುವುದಕ್ಕೂ 'ಕಿರುಚಾಟ' ಎಂದು ತೆಗಳುವುದಕ್ಕೂ ವ್ಯತ್ಯಾಸ ಕಡಿಮೆ. ಎರಡಕ್ಕೂ ಕೇಳುವ ಅಗತ್ಯ ಬೀಳುವುದಿಲ್ಲ. ನಮ್ಮೂರಿನ ತಮಟೆಯವರಿಗೆ, ಡೊಳ್ಳಿನವರಿಗೆ ಆದದ್ದೂ ಇದೇ. ಮೆರವಣಿಗೆಯ ಫೋಟೊದ ಕೆಳಗೆ 'ಮೆರುಗು ನೀಡಿದರು' ಎಂದು ಬರುತ್ತದೆ, ಯಾರ ಪೆಟ್ಟು ಬಿಗಿ, ಯಾವ ಮೇಳ ಗತಿ ಬದಲಿಸುವಾಗ ಎಡವಿತು ಎಂದು ಯಾರೂ ಬರೆದದ್ದಿಲ್ಲ. ಬರೆಯದ ಕಾರಣಕ್ಕೇ ಅದು 'ಕಲೆ' ಆಗಿ ಲೆಕ್ಕಕ್ಕೆ ಬರಲಿಲ್ಲ, ಸರ್ಕಾರಿ ಕಾರ್ಯಕ್ರಮದ ಅಲಂಕಾರವಾಗಿ ಉಳಿಯಿತು, ಸಂಭಾವನೆಯೂ ಅಷ್ಟಕ್ಕೇ ನಿಂತಿತು.

ಆ ಪಿಯುಸಿ ಹುಡುಗನ ಅಪ್ಪನಿಗೆ ಉತ್ತರ ಬರೆದಿದ್ದೇವೆ. ಸಂಗೀತವೇ ಸ್ವಾಮಿ, ಸಿಟ್ಟಿನ ಸಂಗೀತ, ಅವನು ಯಾವ ಹಾಡು ಕೇಳುತ್ತಾನೆ, ಅದರಲ್ಲಿ ಏನಿದೆ ಎಂದು ಪಕ್ಕದಲ್ಲಿ ಕೂತು ಕೇಳಿ ಎಂದೆವು. ವಾಲ್ಯೂಮ್ ಅರ್ಧಕ್ಕಿಂತ ಮೇಲೆ ಹೋಗದಂತೆ ಮಾತ್ರ ನೋಡಿಕೊಳ್ಳಿ, ಕಿವಿ ಒಂದು ಸಲ ಹೋದರೆ ಮರಳಿ ಬರುವುದಿಲ್ಲ. ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬೇಡಿ, ಅದರಲ್ಲಿ ಕೆಳಗಿನ ಸ್ವರ ಬರುವುದೇ ಇಲ್ಲ, ಬರೀ ತಗಡಿನ ಸದ್ದು.

ಹುಡುಗನಿಗೂ ಒಂದು ಕೆಲಸ ಕೊಟ್ಟಿದ್ದೇವೆ. ಅವನಿಗೆ ಇಷ್ಟವಾದ ಒಂದು ಆಲ್ಬಮ್ಮನ್ನು ಮೂರು ಸಲ ಕೇಳಿ, ಕನ್ನಡದಲ್ಲಿ ಮುನ್ನೂರು ಪದ. 'ಸೂಪರ್', 'ಬೆಂಕಿ' ಎಂಬ ಎರಡು ಪದ ಬಳಸುವಂತಿಲ್ಲ. ಎಲ್ಲಿ ಚೆನ್ನಾಗಿದೆ ಎನ್ನುವುದಕ್ಕೆ ನಿಮಿಷ, ಸೆಕೆಂಡು ಹೇಳಬೇಕು, ಎಲ್ಲಿ ಬೇಸರವಾಯಿತು ಎನ್ನುವುದಕ್ಕೂ. ನೀವೂ ಕಳಿಸಬಹುದು. ಡೆತ್‌ಕೋರ್ ಆಗಬೇಕಿಲ್ಲ, ನಿಮ್ಮೂರಿನ ಡೊಳ್ಳು ಮೇಳದ ರೆಕಾರ್ಡಿಂಗ್ ಆದರೂ ಸರಿ. ಟೈಪ್ ಮಾಡಲು ಬಾರದಿದ್ದರೆ ಧ್ವನಿ ಸಂದೇಶ ಕಳಿಸಿ, ನಾವು ಬರೆದುಕೊಳ್ಳುತ್ತೇವೆ.